ಆದೆಮ್ಮನಿಗೂ ಒಂದು ಅಕ್ಟೋಬರ್

ರಾಯಚೂರು
20 ಮೇ 1984, ರವಿವಾರ

ಬಾಗಲವಾಡದ ಬಾವಿ ತೋಡುವ ಸೂಗಪ್ಪನಿಗೆ, ಅಂದರೆ ನನ್ನ ಯಪ್ಪನಿಗೆ,

ಮಗ ಗದ್ದೆಪ್ಪ ನಿಂತುಕೊಂಡೇ ಮಾಡುವ ನಮಸ್ಕಾರ. ಪತ್ರದ ತಲೆಗೆ ಸಾಷ್ಟಾಂಗ ಎಂದು ಬರೆಯಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಆದರೆ ಮನುಷ್ಯ ಮನುಷ್ಯನ ಕಾಲಿಗೆ ಬೀಳಬಾರದು ಎಂಬ ಕರಪತ್ರಕ್ಕೆ ಕಳೆದ ತಿಂಗಳು ನಾನೇ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿದ್ದೇನೆ. ಎರಡು ಸಾವಿರ ಪ್ರತಿ ಊರಿಗೆಲ್ಲ ಹಂಚಿದ ಮೇಲೆ ಮನೆಯವರ ಹತ್ತಿರ ಬೇರೆ ಥರ ನಡೆದುಕೊಳ್ಳಲು ಬರುವುದಿಲ್ಲ. ನೀನು ಬೇಜಾರು ಮಾಡಿಕೊಳ್ಳಬೇಡ.

ಈ ಪತ್ರವನ್ನು ನಿನಗೆ ಓದಿ ಹೇಳುತ್ತಿರುವವಳು ತಂಗಿ ಆದೆಮ್ಮ ಎಂದು ನನಗೆ ಗೊತ್ತು. ನಾನು ರಾಯಚೂರಿಗೆ ಬಂದ ಮೇಲೆ ನಮ್ಮ ಮನೆಯಲ್ಲಿ ಅಕ್ಷರ ಬಲ್ಲವಳು ಅವಳೊಬ್ಬಳೇ. ಪತ್ರವೂ ಅವಳ ಬಗ್ಗೆಯೇ ಇರುವುದರಿಂದ ಸ್ವಲ್ಪ ಇಕ್ಕಟ್ಟಿನ ಕೆಲಸ ಇದು. ಆದೆಮ್ಮಾ, ಒಂದು ಸಾಲನ್ನೂ ಹಾರಿಸಬೇಡ. ನಗು ಬಂದರೆ ನಕ್ಕು ಮುಗಿಸಿ, ಬಿಟ್ಟ ಸಾಲಿನಿಂದಲೇ ಮತ್ತೆ ಹಿಡಿ. ನಾಚಿಕೆ ಬಂದರೆ ನೀರು ಕುಡಿ.

ಯಪ್ಪಾ, ಹೋದ ವಾರ ಯವ್ವ ಹೇಳಿ ಬರೆಸಿದ ಪತ್ರ ಮುಟ್ಟಿತು. ಎಮ್ಮೆ ಈದದ್ದು, ಪಕ್ಕದ ಮನೆಯ ಹೀರಾಬಿಯ ಮಂಡಿನೋವು, ಎಲ್ಲ ತಿಳಿಯಿತು. ಕೊನೆಯಲ್ಲಿ ಹೀಗಿತ್ತು: "ಆದೆಮ್ಮನ ಹತ್ತನೆತ್ತದ ರಿಜಲ್ಟು ಬರೋ ವಾರ ಬಿಟ್ಟು ಸೋಮವಾರ ಅದ. ಪಾಸಾದ್ರ ನೋಡೋಣು. ಫೇಲಾದ್ರ ಯಾಪಲದಿನ್ನಿ ಗಂಡಿನವರಿಗೆ ಹೂಂ ಅಂತ ಹೇಳಿಬಿಡೋದು. ನಿಮ್ಮಪ್ಪ ಆವತ್ತು ಮಟಮಾರಿಗೆ ಬಾವಿ ಕೆಲಸಕ್ಕ ಹೊಂಟಾನ. ಅವನೂ ಏನೂ ಅಂದಿಲ್ಲ, ಸುಮ್ನದಾನ."

ಇಷ್ಟನ್ನೂ ಆದೆಮ್ಮನೇ ತನ್ನ ಗುಂಡು ಅಕ್ಷರದಲ್ಲಿ ಬರೆದಿದ್ದಾಳೆ. ಎಲ್ಲಿಯೂ ಕಾಟು ಇಲ್ಲ, ಚಿತ್ತು ಇಲ್ಲ. ಯಾಪಲದಿನ್ನಿ ಎಂದು ಬರೆಯುವಾಗ ಮಾತ್ರ ಪೆನ್ನಿನ ಮುಳ್ಳು ಕಾಗದ ಹರಿದು ಆಚೆ ಬಂದಿದೆ. ಬೆಳಕಿಗೆ ಹಿಡಿದು ನೋಡಿದೆ. ಆ ತೂತಿನಲ್ಲಿ ನಮ್ಮ ಪ್ರೆಸ್ಸಿನ ಮಾಲೀಕ ಅಲ್ಲಾಉದ್ದೀನ್ ಸಾಹೇಬರ ಒಂದು ಕಣ್ಣು ಕಂಡಿತು. "ಕಾಗದ ನೋಡಾಕ ನಿನಗ ಸಂಬಳ ಕೊಡ್ತೀನೇನಲೇ" ಎಂದು ಆ ಕಣ್ಣು ಕೇಳಿತು.

ಸಿಟ್ಟಿನಲ್ಲಿ ಕೂತು ಮೊದಲು ಒಂದು ಕರಪತ್ರವನ್ನೇ ಬರೆದೆ. "ಬಾಗಲವಾಡದ ಸೂಗಪ್ಪನ ಮನೆಯಲ್ಲಿ ಹೆಣ್ಣುಮಗಳ ಮೇಲೆ ನಡೆಯುತ್ತಿರುವ ಅನ್ಯಾಯವನ್ನು ಖಂಡಿಸಿ" ಎಂದು ತಲೆಬರಹ. ಕೆಳಗೆ ಏಳು ಬೇಡಿಕೆ. ಬರೆದು ಮುಗಿಸಿದ ಮೇಲೆ ಹೊಳೆಯಿತು, ಇದನ್ನು ಹಂಚಬೇಕಾದದ್ದು ಇಬ್ಬರಿಗೇ, ಆ ಇಬ್ಬರಿಗೂ ಓದಲು ಬರುವುದಿಲ್ಲ. ಹರಿದು ಹಾಕಿ ಈ ಪತ್ರ ಹಿಡಿದೆ. ಇದರಲ್ಲಿ ಬೇಡಿಕೆ ಒಂದೇ. ಅದನ್ನು ಹೇಳುವ ಮೊದಲು ಐದು ವರ್ಷದ ಹಿಂದಿನ ನನ್ನ ರಿಜಲ್ಟಿನ ದಿನವನ್ನು ನಿನಗೆ ನೆನಪು ಮಾಡಬೇಕು. ನೀನು ಮರೆತವನಂತೆ ಬೀಡಿ ಹಚ್ಚುತ್ತೀ, ಆದರೆ ಮರೆತಿಲ್ಲ.

ಆಗ ನನಗೆ ಹದಿನೇಳು. ಮೂರು ಕರಪತ್ರ ಓದಿದ್ದೆ, ಅಷ್ಟಕ್ಕೇ ಲೋಕವೆಲ್ಲ ಅರ್ಥವಾಗಿತ್ತು. ಪರೀಕ್ಷೆ ಎಂಬುದು ಉಳ್ಳವರು ಬಡವರನ್ನು ಸೋಸಲು ಇಟ್ಟ ಜರಡಿ ಎಂದು ಊರಿನ ಕಟ್ಟೆಯ ಮೇಲೆ ಭಾಷಣ ಮಾಡಿದ್ದೆ. ಕೇಳಿದವರು ಎರಡು ಮೇಕೆ ಮತ್ತು ನೀನು. ಹಾಲ್ ಟಿಕೇಟಿನ ಮೇಲೆ ನನಗೊಂದು ನಂಬರು ಕೊಟ್ಟಿದ್ದರಲ್ಲ, ಅದನ್ನು ನಾನು ಬೇಕೆಂದೇ ನೆನಪಿಟ್ಟುಕೊಳ್ಳಲಿಲ್ಲ. "ನಾನು ಮನುಷ್ಯ, ನಂಬರ್ ಅಲ್ಲ" ಎಂದು ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿದ್ದೆ. ಆ ಗೋಡೆಯನ್ನು ಯವ್ವ ಹಬ್ಬಕ್ಕೆ ಸಾರಿಸಿಬಿಟ್ಟಳು.

ರಿಜಲ್ಟಿನ ದಿನ ಪಕ್ಕದ ಮನೆಯ ಖಾಸಿಂ ಸಾಬ್ ಮೊದಲ ಬಸ್ಸಿಗೆ ಮಾನ್ವಿಯಿಂದ ಪೇಪರು ತಂದ. ತನ್ನ ಮನೆಯ ಕಟ್ಟೆಯ ಮೇಲೆ ಹಾಸಿ, ನಾಲ್ಕೂ ಮೂಲೆಗೆ ಕಲ್ಲಿಟ್ಟು, ಕನ್ನಡಕ ಏರಿಸಿ ಕೂತ. ಪುಟದ ತುಂಬ ಸಣ್ಣ ಸಣ್ಣ ನಂಬರು, ಬೆಲ್ಲಕ್ಕೆ ಮುತ್ತಿದ ಇರುವೆಯ ಹಾಗೆ. ಪಾಸಾದವರದು ಮಾತ್ರ ಅಲ್ಲಿ ಇರುತ್ತದೆ.

"ನಂಬರ್ ಹೇಳಲೇ ಗದ್ದೆಪ್ಪಾ."

"ನನಗ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರ?"

"ನಾನು ಮನುಷ್ಯಾ ಅದೀನಿ, ನಂಬರ್ ಅಲ್ಲ."

"ಮನುಷ್ಯಾನ ಇರು ಮಾರಾಯಾ, ಯಾರ್ ಬ್ಯಾಡಂದ್ರು? ಮನುಷ್ಯಾರ ಹೆಸರು ಈ ಪೇಪರಿನ್ಯಾಗ ಬರಂಗಿಲ್ಲ. ನಂಬರ್ ತಾ."

ಟ್ರಂಕು ತೆಗೆದು ಹಾಲ್ ಟಿಕೇಟು ಹುಡುಕಿದೆ. ಇರಲಿಲ್ಲ. ಶಾಲೆಗೆ ಬೇಸಿಗೆ ಸೂಟಿ, ಬೀಗ. ಆಗ ಯವ್ವ ನನ್ನ ಎಡತೋಳಿನ ಕಡೆ ಬೆರಳು ತೋರಿಸಿದಳು. ಪರೀಕ್ಷೆ ಮುಗಿದ ವಾರ ಖಾಸಿಂ ಸಾಬನ ತಾಯಿ ಹೀರಾಬಿ ದರ್ಗಾದಿಂದ ತಂದು ಕಟ್ಟಿದ ತಾಯಿತ. ನಾನು ಅದನ್ನೆಲ್ಲ ನಂಬುವವನಲ್ಲ. ಕಟ್ಟಿಕೊಳ್ಳದಿದ್ದರೆ ಯವ್ವ ಉಣ್ಣುವುದಿಲ್ಲ ಎಂದು ಕೂತಿದ್ದಕ್ಕೆ ತೋಳು ಕೊಟ್ಟು, ಉದ್ದ ತೋಳಿನ ಅಂಗಿಯೊಳಗೆ ಮುಚ್ಚಿಕೊಂಡು ತಿರುಗುತ್ತಿದ್ದೆ. ಅದರೊಳಗೆ ಖಾಲಿ ಕಾಗದ ಇಟ್ಟರೆ ದೇವರಿಗೆ ಯಾವ ಹುಡುಗ ಎಂದು ಹೇಗೆ ತಿಳಿಯಬೇಕು ಎಂದು, ಹೆಸರು, ನಂಬರು, ಸರ್ಕಾರದ ಸಿಕ್ಕಾ ಎಲ್ಲ ಇರುವ ಹಾಲ್ ಟಿಕೇಟನ್ನೇ ಮಡಚಿ ಹೊಲಿಸಿದ್ದಳು ಯವ್ವ. ದೊಡ್ಡ ದೊಡ್ಡ ಅಧಿಕಾರಿಗಳಿಗೂ ಹೊಳೆಯದ ಕೆಲಸ.

ಖಾಸಿಂ ಸಾಬ್ ಬ್ಲೇಡು ತೆಗೆದ. ಯವ್ವ ನನ್ನ ತೋಳಿಗೆ ಅಡ್ಡ ನಿಂತಳು. "ಪಾಸಾಗೋ ತನಕ ಬಿಚ್ಚಬಾರದು ಅಂದಾರ."

"ಬಿಚ್ಚದ ಹೊರತು ಪಾಸಾಗ್ಯಾನೋ ಇಲ್ಲೋ ಗೊತ್ತಾಗಂಗಿಲ್ಲಲ್ಲಬೇ ದುರುಗಮ್ಮಾ!"

"ಗೊತ್ತಾಗೋದು ಯಾರಿಗೆ ಬೇಕಾಗ್ಯದ? ಪಾಸಾದ್ರ ಸಾಕು."

ಒಂದು ತಾಸು ಈ ಮಾತೇ ನಡೆಯಿತು. ಓಣಿಯವರೆಲ್ಲ ಸೇರಿ ಎರಡು ಪಾರ್ಟಿಯಾದರು. ಕಡೆಗೆ ಹೀರಾಬಿ ಕೋಲೂರಿಕೊಂಡು ಬಂದು, "ಅರೇ, ಹೊಲಿದಾಕಿ ನಾನು, ಬಿಚ್ಚಾಕಿನೂ ನಾನಽ. ಅಲ್ಲಾ ಹೊಲಿಗಿ ನೋಡಂಗಿಲ್ಲ ಬೇಟಿ, ದಿಲ್ ನೋಡ್ತಾನ" ಎಂದು ಬಾಯಲ್ಲಿ ಏನೋ ಅನ್ನುತ್ತಾ ಹಲ್ಲಿನಿಂದಲೇ ದಾರ ಕಡಿದಳು. ಬೆವರಿಗೆ ಟಿಕೇಟು ಹಪ್ಪಳವಾಗಿತ್ತು. ನಂಬರು ಮಾತ್ರ ಉಳಿದಿತ್ತು.

ಪೇಪರಿನಲ್ಲಿ ಅದು ಇರಲಿಲ್ಲ. ಖಾಸಿಂ ಸಾಬ್ ಮೂರು ಸಲ ನೋಡಿದ. ಕನ್ನಡಕ ಒರೆಸಿ ಮತ್ತೆ ನೋಡಿದ. ಆಮೇಲೆ ಪಾಪ, ಬರಿಗೈಲಿ ಕಳಿಸಲು ಮನಸ್ಸಾಗದೆ ಜಾಹೀರಾತಿನ ಪುಟದಲ್ಲೂ ಹುಡುಕಿದ.

ನೀನು ಎದ್ದು ಟವೆಲು ಕೊಡವಿ ಹೆಗಲಿಗೆ ಹಾಕಿ, "ಈ ಪೇಪರ್ ಸರಿ ಇಲ್ಲ. ನಡಿ, ಬ್ಯಾರೇದು ನೋಡೋಣು" ಎಂದೆ.

ಮಾನ್ವಿಗೆ ಹೋದೆವು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಬೇರೆ ಪೇಪರು ಇತ್ತು, ನನ್ನ ನಂಬರು ಇರಲಿಲ್ಲ. ನೀನು, "ರಾಯಚೂರಾಗ ದೊಡ್ಡ ಪೇಪರ್ ಬರ್ತದ" ಎಂದು ರಾಯಚೂರಿನ ಬಸ್ಸು ಹತ್ತಿಸಿದೆ. ದಾರಿಯುದ್ದಕ್ಕೂ ನನ್ನ ಅಂಗಿಯ ಚುಂಗು ನಿನ್ನ ಮುಷ್ಟಿಯಲ್ಲಿತ್ತು. ಹಿಂದಿನ ವರ್ಷ ಪಕ್ಕದ ಊರಿನ ಹುಡುಗನೊಬ್ಬ ಫೇಲಾಗಿ ಮನೆ ಬಿಟ್ಟು ಹೋಗಿ, ಮೂರನೆಯ ದಿನ ಗುಂತಕಲ್ಲಿನ ಸ್ಟೇಷನ್ನಿನಲ್ಲಿ ಸಿಕ್ಕಿದ್ದ. ಅದು ನಿನ್ನ ತಲೆಯಲ್ಲಿತ್ತು. ನಾನು ಒಂದಕ್ಕೆಂದು ಗೋಡೆಯ ಮರೆಗೆ ಹೋದರೆ ನೀನು ಆಚೆ ನಿಂತು ಕೂಗಿದೆ: "ಲೇ, ಮಾತಾಡ್ಕೊಂತ ಮಾಡು. ನಿನ್ನ ದನಿ ಕೇಳ್ತಿರ್ಬೇಕು ನನಗ." ಏನು ಮಾತಾಡಲಿ? ಇಂದಿನ ಶಿಕ್ಷಣ ಪದ್ಧತಿಯ ಬಗ್ಗೆ ಮಾತಾಡಿದೆ. ನನ್ನ ಭಾಷಣವನ್ನು ಮೊದಲಿನಿಂದ ಕಡೆತನಕ ಯಾರಾದರೂ ಗಮನವಿಟ್ಟು ಕೇಳಿದ್ದು ಅದೇ ಮೊದಲು.

ರಾಯಚೂರು ಸ್ಟೇಷನ್ನಿನ ಎದುರಿಗೆ ನನಗೆ ಒಗ್ಗರಣಿ ಮಿರ್ಚಿ ಕೊಡಿಸಿದೆ. ನೀನು ತಿನ್ನಲಿಲ್ಲ. ನಾನು ತಿನ್ನುವುದನ್ನು, ಅಂಗಿ ಬಿಡದೆ, ನೋಡುತ್ತಾ ಕೂತಿದ್ದೆ. ಅಲ್ಲಿನ ಪೇಪರಿನಲ್ಲೂ ಇರಲಿಲ್ಲ. ಯಾರೋ ದೇವದುರ್ಗದ ವಾಚನಾಲಯಕ್ಕೆ ನಾಲ್ಕು ಪೇಪರು ಬರುತ್ತವೆ ಎಂದರು. ನಾನು, "ಯಪ್ಪಾ, ಎಲ್ಲಾದರಾಗೂ ಒಂದಽ ಇರ್ತದ" ಎಂದೆ. ನೀನು, "ನೀ ಎಲ್ಲಾ ಪೇಪರ್ ಓದೀಯೇನು?" ಎಂದು ದೇವದುರ್ಗದ ಬಸ್ಸು ಹತ್ತಿಸಿದೆ.

ಅಲ್ಲಿ ಕುರ್ಚಿಯಲ್ಲಿದ್ದ ಗುಮಾಸ್ತರು ಒಳ್ಳೆಯವರು. ನಾಲ್ಕೂ ಪೇಪರು ನೋಡಿ ಮೆಲ್ಲಗೆ ಹೇಳಿದರು: "ಯಜಮಾನ್ರೇ, ಯಾವ ಪೇಪರ್ ತಗೊಂಡ್ರೂ ಅವಽ ನಂಬರ್ ಇರ್ತಾವರೀ."

ನೀನು, "ಹಂಗಾದ್ರ ಒಬ್ಬರದು ನೋಡಿ ಒಬ್ಬರು ನಕಲು ಹೊಡದಾರ ಬಿಡ್ರಿ. ಇವರು ನಮ್ಮ ಹುಡುಗನ್ನ ಫೇಲ್ ಮಾಡ್ತಾರ!" ಎಂದೆ. ವಾಚನಾಲಯದಲ್ಲಿ ಮಾತಾಡಬಾರದು ಎಂಬ ಬೋರ್ಡಿನ ಕೆಳಗೆ ಕೂತವರೆಲ್ಲ ನಕ್ಕರು. ಗುಮಾಸ್ತರೂ ನಕ್ಕು, ಅಕ್ಟೋಬರಿನಲ್ಲಿ ಮತ್ತೆ ಪರೀಕ್ಷೆ ಇದೆ, ಹೋದ ವಿಷಯ ಅಷ್ಟೇ ಬರೆದರೆ ಸಾಕು ಎಂದು ಹೇಳಿದರು. ನಿನಗೆ ಆ ತಿಂಗಳ ಹೆಸರು ಹೊಸದು. ಬಸ್ ಸ್ಟ್ಯಾಂಡಿನವರೆಗೂ ಬಾಯಲ್ಲಿ ಅದನ್ನೇ ಅಂದುಕೊಳ್ಳುತ್ತಾ ಬಂದೆ.

ಅಲ್ಲಿ ಬೇವಿನ ಗಿಡದ ಕೆಳಗೆ ಕೂತು ನೀನು, "ಅಂಥಾದ್ದೇನು ಬರದಿದ್ದೀ?" ಎಂದು ಕೇಳಿದೆ. ಗಣಿತದಲ್ಲಿ ಹೋಗಿದೆ ಎಂದು ನನಗೆ ಗೊತ್ತಿತ್ತು. ಹೇಳಿದೆ. ಹನ್ನೆರಡು ಕೂಲಿಯವರು ಒಂದು ಬಾವಿಯನ್ನು ಹದಿನೈದು ದಿನದಲ್ಲಿ ತೋಡಿದರೆ ಒಂಬತ್ತು ಜನ ಎಷ್ಟು ದಿನದಲ್ಲಿ ತೋಡುತ್ತಾರೆ ಎಂದು ಕೇಳಿದ್ದರು. ಅದಕ್ಕೆ ನಾನು, ದಿನಗೂಲಿ ಎಷ್ಟು, ಮಧ್ಯಾಹ್ನ ಬಿಡುವು ಇದೆಯೇ, ಕಡಿಮೆಯಾದ ಮೂವರನ್ನು ಯಾಕೆ ಕೆಲಸ ಬಿಡಿಸಿದರು, ಇವನ್ನು ತಿಳಿಸುವವರೆಗೆ ಉಳಿದ ಒಂಬತ್ತು ಜನ ಗುದ್ದಲಿ ಮುಟ್ಟುವುದಿಲ್ಲ ಎಂದು ಎರಡು ಪುಟ ಬರೆದಿದ್ದೆ. ಉಳಿದ ಲೆಕ್ಕಕ್ಕೆ ಹೊತ್ತು ಸಾಲಲಿಲ್ಲ.

ನೀನು ಬೈಯುತ್ತೀ ಎಂದುಕೊಂಡೆ. ನೀನು ಬೆರಳು ಮಡಚಿ ಎಣಿಸಿ, "ಇಪ್ಪತ್ತು ದಿನ" ಎಂದೆ. "ಬಂಡೆ ಹತ್ತಿದ್ರ ಇಪ್ಪತ್ತೆರಡು."

ಯಪ್ಪಾ, ಪುಸ್ತಕದ ಹಿಂದಿನ ಉತ್ತರವೂ ಇಪ್ಪತ್ತೇ. ಬಂಡೆಯ ವಿಚಾರ ಪುಸ್ತಕದವರಿಗೆ ಗೊತ್ತಿರಲಿಲ್ಲ.

ಆಮೇಲೆ ನೀನು, "ಅಕ್ಟೋಬರ್‌ನ್ಯಾಗ ಬರಿ" ಎಂದೆ. "ಅದರಾಗೂ ಆಗ್ದಿದ್ರ?" ಎಂದು ನಾನು ಕೇಳಿದೆ. ಆವತ್ತು ಮೊದಲ ಸಲ ನೀನು ನನ್ನ ಅಂಗಿ ಬಿಟ್ಟು, ಬೀಡಿ ಹಚ್ಚಿ, "ಅಕ್ಟೋಬರ್ ವರ್ಷಾ ವರ್ಷಾ ಬರ್ತದಲ್ಲೋ" ಎಂದೆ.

ಆದೆಮ್ಮಾ, ಇಲ್ಲಿ ಸ್ವಲ್ಪ ನಿಲ್ಲು. ಯಪ್ಪ ಬೀಡಿ ಹಚ್ಚಲಿ. ಈಗ ಓದು.

ಯಪ್ಪಾ, ಆ ಅಕ್ಟೋಬರಿನಲ್ಲಿ ನಾನು ಪಾಸಾದೆ. ಆದರೂ ಐದು ವರ್ಷದಿಂದ ನಿನ್ನ ಮೇಲೆ ನನಗೆ ಸಿಟ್ಟಿತ್ತು. ಬೆಳೆದ ಮಗನ ಅಂಗಿ ಹಿಡಿದು ಮೂರು ಊರು ತಿರುಗಿಸಿದೆ, ವ್ಯಕ್ತಿಯ ಸ್ವಾತಂತ್ರ್ಯ ಎಂದರೆ ನಿನಗೆ ತಿಳಿಯದು ಎಂದು ಗೆಳೆಯರ ಮುಂದೆ ಎಷ್ಟೋ ಸಲ ಹೇಳಿದ್ದೇನೆ. ಆ ಮಾತನ್ನು ಇವತ್ತು ವಾಪಸು ತೆಗೆದುಕೊಂಡೆ. ಈಗ ನನ್ನ ಸಿಟ್ಟು ಬೇರೆ. ನನ್ನ ಹಿಂದೆ ಒಂದಕ್ಕೂ ಬಂದವನು ಆದೆಮ್ಮನ ರಿಜಲ್ಟಿನ ದಿನ ಮಟಮಾರಿಗೆ ಹೇಗೆ ಹೋಗುತ್ತೀ? ಅವಳೂ ನನ್ನ ಹಾಗೆಯೇ ಚಿಮಣಿ ದೀಪದ ಮುಂದೆ ಕೂತು ಓದಿದವಳು. ಲೆಕ್ಕದಲ್ಲಿ ನನಗಿಂತ ಚುರುಕು, ಇಂಗ್ಲಿಷಿನದೊಂದೇ ಹೆದರಿಕೆ. ನಾನು ಫೇಲಾದರೆ ಪೇಪರು ತಪ್ಪು, ಅವಳು ಫೇಲಾದರೆ ಯಾಪಲದಿನ್ನಿ. ಇದು ಯಾವ ಲೆಕ್ಕ?

ನಮ್ಮ ಓಣಿಯಲ್ಲಿ ಹತ್ತನೇ ತರಗತಿಯವರೆಗೆ ಹೋದ ಮೊದಲ ಹುಡುಗಿ ಅವಳು. ಒಂದು ಇಂಗ್ಲಿಷ್ ಪೇಪರಿಗೆ ಅದೆಲ್ಲ ಮುಗಿದುಹೋಗಬಾರದು.

ಬೇಡಿಕೆ ಇದು. ಆ ಸೋಮವಾರ ಮಟಮಾರಿಯವರ ಬಾವಿ ಕಾಯಲಿ. ನೀನು ಮನೆಯಲ್ಲಿರು. ಆದೆಮ್ಮನ ದಾವಣಿಯ ಸೆರಗು ಹಿಡಿ, ಗಟ್ಟಿಯಾಗಿ ಹಿಡಿ. ಖಾಸಿಂ ಸಾಬನ ಪೇಪರಿನಲ್ಲಿ ನಂಬರು ಇಲ್ಲದಿದ್ದರೆ ಆ ಪೇಪರು ಸರಿ ಇಲ್ಲ ಎನ್ನು. ಮಾನ್ವಿಗೆ ಕರೆದುಕೊಂಡು ಹೋಗು. ರಾಯಚೂರಿಗೆ ಬನ್ನಿ, ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ, ಒಗ್ಗರಣಿ ಮಿರ್ಚಿ ನನ್ನದು, ಈ ಸಲ ನೀನೂ ತಿನ್ನಬೇಕು. ಅಲ್ಲಿಂದ ದೇವದುರ್ಗಕ್ಕೆ ಹೋಗಿ ನಾಲ್ಕೂ ಪೇಪರು ನೋಡಿ. ಎಲ್ಲರೂ ನಕಲು ಹೊಡೆದಿರುತ್ತಾರೆ ಎಂದು ನಮಗೆ ಗೊತ್ತು, ಆದರೂ ಹೋಗಿ. ಅಲ್ಲಿ ಬೇವಿನ ಗಿಡದ ಕೆಳಗೆ ಕೂತು ನನಗೆ ಹೇಳಿದ ಮಾತನ್ನೇ ಅವಳಿಗೂ ಹೇಳು.

ಯವ್ವಾ, ನಿನಗೂ ಒಂದು ಮಾತು. ಹಾಲ್ ಟಿಕೇಟನ್ನು ಯಾವುದರೊಳಗೂ ಹೊಲಿಸಬೇಡ. ಹೊಲಿಸಿಯಾಗಿದ್ದರೂ ಚಿಂತೆಯಿಲ್ಲ. ನಿನ್ನ ಪತ್ರದ ಮೂಲೆಯಲ್ಲಿ, ನೀನು ಹೇಳಿ ಬರೆಸದ ಒಂದು ನಂಬರು ಸಣ್ಣದಾಗಿ ಇತ್ತು. ನಂಬರನ್ನು ನಂಬದ ನಾನು ಅದನ್ನು ಬಾಯಿಪಾಠ ಮಾಡಿದ್ದೇನೆ. ಸಾಲದೆಂದು ಮೊಳೆಯಲ್ಲಿ ಜೋಡಿಸಿ, ದಾರ ಸುತ್ತಿ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಆರು ಮೊಳೆ ಕಾಣೆಯಾಗಿವೆ ಎಂದು ಅಲ್ಲಾಉದ್ದೀನ್ ಸಾಹೇಬರು ಎರಡು ದಿನದಿಂದ ಒದರಾಡುತ್ತಿದ್ದಾರೆ. ಸೋಮವಾರದ ತನಕ ಒದರಲಿ.

ಆದೆಮ್ಮಾ, ಓದುವುದು ಮುಗಿಯಿತು. ಕಾಗದ ಮಡಚಬೇಡ, ನೆಲ ನೋಡಬೇಡ, ಯಪ್ಪನ ಮುಖ ನೋಡು. ಅವನು ಏನೆಂದ ಎಂಬುದನ್ನು ಕೆಳಗಿನ ಖಾಲಿ ಜಾಗದಲ್ಲಿ ಬರೆದು ನಾಳಿನ ಟಪಾಲಿಗೇ ಹಾಕು. ಬರಿ ಕೆಮ್ಮಿದರೆ, ಕೆಮ್ಮಿದ ಎಂದು ಬರೆ. ಉಳಿದದ್ದು ನನಗೆ ತಿಳಿಯುತ್ತದೆ.

ಯಪ್ಪಾ, ಇನ್ನೊಂದು ಸಾಲು. ನಿಂತುಕೊಂಡು ನಮಸ್ಕಾರ ಮಾಡಿದ್ದೆನಲ್ಲ, ಈ ಒಂದು ಬೇಡಿಕೆಗೆ ಮಾತ್ರ ನಿನ್ನ ಕಾಲು ಮುಟ್ಟಿ ಕೇಳುತ್ತಿದ್ದೇನೆ. ಕರಪತ್ರ ಓದಿದ ಎರಡು ಸಾವಿರ ಜನರಿಗೆ ಇದು ತಿಳಿಯುವುದು ಬೇಡ.

ನೀನು ತೋಡಿದ ಬಾವಿಗಳಲ್ಲೆಲ್ಲ ಸಿಹಿನೀರು ಬರಲಿ, ಬಂಡೆ ಹತ್ತದಿರಲಿ.

ಅಕ್ಟೋಬರಿನಲ್ಲಿ ಪಾಸಾದ ನಿನ್ನ ಮಗ,
ಗದ್ದೆಪ್ಪ