ಮಾದಪ್ಪನ ಹಾಡಿಗೆ ಬಿಟ್ಟ ಚಪ್ಪಲಿ

ಹರದನಹಳ್ಳಿ
8 ಡಿಸೆಂಬರ್ 2024

ಪ್ರೀತಿಯ ಭಾನು,

ಚೆನ್ನಾಗಿದ್ದೀಯಲ್ಲ? ನಾವು ಇದ್ದ ಹಾಗೇ ಇದ್ದೇವೆ. ನಿನ್ನ ಅತ್ತೆಯವರ ಮಂಡಿನೋವು ಈಗ ಹೇಗಿದೆ? ಪ್ರೋಗ್ರಾಂ ಆದ ಮಾರನೇ ದಿನವೇ ನೀನು ಫೋನ್ ಮಾಡಿ, "ಎಲ್ಲಾನೂವೆ ಬರ್ದು ಕಳ್ಸು ಕಣಮ್ಮಿ, ಓದ್ಕಂಡು ನಾನೂ ನೋಡ್ದಂಗೆ ಅನ್ಕೋತೀನಿ" ಅಂದಿದ್ದೆ. ಮೂರು ವಾರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಡೈರಿಯಲ್ಲಿ ಹಾಲು ಅಳೆಯುವ ಕೆಲಸ ಎರಡು ಹೊತ್ತೂ ನನ್ನ ತಲೆಗೇ ಬಿದ್ದಿದೆ ಎಂದು ನೆಪ ಹೇಳಬಹುದು. ನಿಜವೆಂದರೆ ಬರೆಯುವ ಮನಸ್ಸೇ ಇರಲಿಲ್ಲ. ವಾಟ್ಸಾಪಿನಲ್ಲಿ ಬೈದರೆ ನೀನು ನಗುವ ಬೊಂಬೆಯೊಂದನ್ನು ಕಳಿಸಿ ಮಾತು ಮುಗಿಸಿಬಿಡುತ್ತೀಯ. ಅದಕ್ಕೇ ಈ ಕಾಗದ.

ಕಗ್ಗಲ್ಲು ಬ್ಯಾಂಡನ್ನು ಒಂದು ಚಿಕ್ಕ ಜಾಗದಲ್ಲಿ, ಹತ್ತಿರದಿಂದ, ಇಬ್ಬರೂ ಒಟ್ಟಿಗೆ ಕೂತು ಕೇಳಬೇಕು ಅನ್ನುವುದು ಚಾಮರಾಜನಗರದ ಹಾಸ್ಟೆಲಿನಲ್ಲಿ ನಾವು ಕಟ್ಟಿಕೊಂಡ ಆಸೆ. ಒಬ್ಬಳನ್ನು ಬಿಟ್ಟು ಒಬ್ಬಳು ಹೋಗಕೂಡದು ಎಂದು ಆಣೆಯನ್ನೂ ಹಾಕಿಕೊಂಡಿದ್ದೆವು. ಕೊನೆಗೆ ಅವರು ನಿನ್ನ ಗುಂಡ್ಲುಪೇಟೆಗೇ ಬರುತ್ತಾರೆ ಎಂದಾಗ ನಾನು ಡೈರಿಯಲ್ಲೇ ಕುಣಿದುಬಿಟ್ಟೆ. ಹಿಂದಿನ ದಿನ ನೀನು, "ಅತ್ತೆ ಎದ್ದೋಡಾಡಂಗಿಲ್ಲ, ನೀನೊಬ್ಳೆ ಓಗ್ಬುಟ್ಟು ಬಾ" ಅಂದೆ. ಆಣೆಯ ಮಾತೆತ್ತದೆ ಸರಿ ಎಂದೆ. ನಿನ್ನ ಟಿಕೆಟ್ಟು ಹಾಳಾಗಬಾರದಲ್ಲ, ಪಕ್ಕದ ಮನೆಯ ಬಸವಮ್ಮತ್ತೆಯನ್ನು ಕರೆದುಕೊಂಡು ಹೋದೆ.

ನಾವು ಹಂಬಲಿಸಿದ ಆ ಚಿಕ್ಕ ಜಾಗ ಯಾವುದು ಗೊತ್ತಾ? ಕಲ್ಯಾಣ ಮಂಟಪದ ಊಟದ ಹಾಲ್. ಮಧ್ಯಾಹ್ನದ ಸಾರಿನ ವಾಸನೆ ಇನ್ನೂ ಹೋಗಿರಲಿಲ್ಲ. ಗೋಡೆಯ ಮೇಲೆ ಯಾರದೋ ಮದುವೆಯ ಥರ್ಮಕೋಲ್ ಅಕ್ಷರಗಳು ಹಾಗೇ ಇದ್ದವು. ಅದನ್ನು ನೋಡಿದ ಬಸವಮ್ಮತ್ತೆ, "ಎಣ್ಣು ಗಂಡು ಎಲ್ಲವ್ರಮ್ಮಿ?" ಎಂದು ಕೇಳಿದಳು. ಟಿಕೆಟ್ ತೆಗೆದುಕೊಂಡ ನಮ್ಮಂಥವರಿಗೆ ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿ. ಪಾಸ್ ಗಿಟ್ಟಿಸಿಕೊಂಡ ದೊಡ್ಡ ಮನುಷ್ಯರಿಗೆ ಮುಂದೆ ಸೋಫಾ. ಅವರ ಮುಖ ನೋಡುವ ಭಾಗ್ಯ ನಮಗಿರಲಿಲ್ಲ. ಕಂಡದ್ದು ಬರೀ ತಲೆಗಳು, ತಲೆಗಳ ಮೇಲೆ ಎತ್ತಿ ಹಿಡಿದ ಮೊಬೈಲುಗಳು. ಹಾಡು ಕೇಳಲು ಬಂದವರೋ, ಹಾಡು ಕೇಳಿದೆವು ಎಂದು ಊರಿಗೆಲ್ಲ ತೋರಿಸಲು ಬಂದವರೋ, ಅವರಿಗೇ ಗೊತ್ತು.

ಇನ್ನು ಬ್ಯಾಂಡಿನ ಹಾಡುಗಾರ, ನಮ್ಮ ನೀಲಕಂಠಸ್ವಾಮಿ. ಅವನು ಈಗ ನೀಲ್ ಅಂತೆ. ಹಂಗಳದಲ್ಲಿ ಹುಟ್ಟಿ ಬೆಳೆದವನು ವೇದಿಕೆ ಹತ್ತಿ "ಹಲೋ ಗುಂಡ್ಲುಪೇಟ್" ಅಂದ. ಪಕ್ಕದೂರಿನ ಹೆಸರಿನ ಬಾಲ ಕತ್ತರಿಸಲು ಎಷ್ಟು ದಿನ ಕಲಿತನೋ. ಊಟದ ಹಾಲಿನ ಒಳಗೆ ಕಪ್ಪು ಕನ್ನಡಕ ಬೇರೆ. ಒಂದು ಹಾಡು ಹಾಡುತ್ತಾನೆ, ನೀರು ಕುಡಿಯುತ್ತಾನೆ, ಆ ಹಾಡು ಹುಟ್ಟಿದಾಗ ತನಗೆಷ್ಟು ಕಷ್ಟವಿತ್ತು ಎಂದು ಭಾಷಣ ಮಾಡುತ್ತಾನೆ. ಗಂಟಲು ಯಾವತ್ತೋ ಹೋಗಿದೆ. ಮೇಲಿನ ಸ್ವರ ಬಂದಾಗಲೆಲ್ಲ ಮೈಕನ್ನು ಜನರ ಕಡೆ ತಿರುಗಿಸುತ್ತಾನೆ. ಇಂಥವನ ಫೋಟೋವನ್ನು ನಾವು ಹಾಸ್ಟೆಲ್ ಗೋಡೆಗೆ ಅನ್ನ ಮೆತ್ತಿ ಅಂಟಿಸಿದ್ದೆವಲ್ಲ ಭಾನು, ಆ ಅನ್ನ ದಂಡ.

ಇದನ್ನು ಮಾತ್ರ ನೀನು ಓದಲೇಬೇಕು. ಕೊನೆಗೆ ಮಾದಪ್ಪನ ಹಾಡು ಎತ್ತಿಕೊಂಡ. ಮಾದಪ್ಪನ ಹೆಸರು ಬಂದರೆ ನಮ್ಮ ಕಡೆ ಯಾರು ಕಾಲಲ್ಲಿ ಚಪ್ಪಲಿ ಇಟ್ಟುಕೊಂಡು ಕೂರುತ್ತಾರೆ ಹೇಳು? ಬಸವಮ್ಮತ್ತೆ ನನ್ನ ತೊಡೆಗೆ ತಿವಿದು, "ಮೆಟ್ಟು ತಗಿಯಮ್ಮಿ, ಮಾದಪ್ಪನ್ ಎಸ್ರು ಬಂತು" ಅಂದಳು. ಅಷ್ಟರಲ್ಲಿ ಕುರ್ಚಿಯವರೆಲ್ಲ ಬಗ್ಗಿದ್ದರು. ಎಲ್ಲರೂ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಎದ್ದು ನಿಂತರು, ಬಾಗಿಲಾಚೆ ಬಿಡಲು. ನಮ್ಮ ನೀಲ್ ಸಾಹೇಬರು ಕನ್ನಡಕ ಎತ್ತಿ ನೋಡುತ್ತಾರೆ, ಎದುರಿಗಿರುವ ಜನರ ಕೈಯಲ್ಲೆಲ್ಲ ಚಪ್ಪಲಿ. ತನಗೇ ಎಸೆಯುತ್ತಾರೆ ಅಂದುಕೊಂಡ ಕಣೆ. ಹಾಡು ನಿಲ್ಲಿಸಿ ಡ್ರಮ್ಮಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, "ಪ್ಲೀಸ್ ಗೈಸ್, ಪ್ಲೀಸ್" ಅನ್ನತೊಡಗಿದ. ಬಸವಮ್ಮತ್ತೆಯೇ ಕೂಗಿ ಹೇಳಬೇಕಾಯಿತು, "ಒಡಿಯಕ್ಕಲ್ಲ ಕಣಪ್ಪ, ಆಚ್ಗೆ ಬುಡಕ್ಕೆ. ನೀನು ಆಡು ಮಗ."

ಆ ಹಾಡು ಹಾಡಿಯೇ ಹೆಸರು ಮಾಡಿದವನಿಗೆ ಆ ಹಾಡನ್ನು ಜನ ಹೇಗೆ ಕೇಳುತ್ತಾರೆ ಅನ್ನುವುದು ಮರೆತುಹೋಗಿದೆ. ಥೂ ಅನ್ನಿಸಿತು. ಸೋಫಾದವರಂತೂ ಅಲುಗಾಡಲಿಲ್ಲ, ಶೂ ಹಾಕಿಕೊಂಡೇ ವಿಡಿಯೋ ಮಾಡುತ್ತಿದ್ದರು. ಅವರ ನಡುವೆ ತಲೆಗೆ ದುಪಟ್ಟ ಹೊದ್ದಿದ್ದ ಒಬ್ಬಳು ಮಾತ್ರ ಬಗ್ಗಿ ತನ್ನದನ್ನು ಬಿಚ್ಚಿ ಹಿಂದಿನವರ ಕೈಗೆ ಕೊಟ್ಟಳು. ಅದು ಕೈಯಿಂದ ಕೈಗೆ ಸಾಗಿ ಬಾಗಿಲಾಚೆಯ ರಾಶಿ ಸೇರಿತು. ದಸರೆಯಲ್ಲಿ ನಾವಿಬ್ಬರೂ ಒಂದೇ ಅಂಗಡಿಯಲ್ಲಿ, ಒಂದೇ ಅಳತೆಯಲ್ಲಿ ಕೊಂಡ ಕರಿ ಚಪ್ಪಲಿಯನ್ನು ನಾನೂ ಅಲ್ಲೇ ಬಿಟ್ಟೆ.

ಆಮೇಲೆ ಹಾಡು ಮತ್ತೆ ಶುರುವಾಯಿತು. ಅವನೊಂದು ಸಾಲು ಹಾಡಿ, ಕೇಳುವವರೆಲ್ಲ ಸೇರಿ ತಿರುಗಿ ಎತ್ತುವ ಸೊಲ್ಲಿಗಾಗಿ ಮೈಕನ್ನು ಸೋಫಾದ ಕಡೆ ಚಾಚಿದ. ಕೇಳುವವರು ಸೊಲ್ಲು ಕೊಡದಿದ್ದರೆ ಆ ಹಾಡು ಮುಂದಕ್ಕೆ ಹೋಗುವುದಾದರೂ ಹೇಗೆ? ಒಬ್ಬರೂ ಬಾಯಿ ಬಿಡಲಿಲ್ಲ. ನನಗೆ ತಡೆಯಲಾಗಲಿಲ್ಲ. ಕಾಲೇಜಿನಲ್ಲಿ ಇಬ್ಬರೂ ಕೊಡುತ್ತಿದ್ದೆವಲ್ಲ, ಹಾಗೇ ಎದೆ ತುಂಬ ಕೊಟ್ಟೆ. ಹೋದ ವರ್ಷ ನಿನ್ನ ಮನೆಯ ಗೃಹಪ್ರವೇಶದಲ್ಲಿ ನಾನು ಸೊಲ್ಲು ಕೊಟ್ಟಾಗ ನೀನು ನನ್ನ ಕೈ ಚಿವುಟಿ, "ಮೆತ್ಗೆ ಕಣಮ್ಮಿ, ಕುಮಾರಿ ಮೇಡಮ್ಮು ನೋಡ್ತಾವ್ರೆ" ಅಂದಿದ್ದೆ. ನಿನ್ನ ಬ್ಯಾಂಕಿನ ಮ್ಯಾನೇಜರು ನೋಡಿದರೆ ನನಗೇನು ಎಂದು ಆಗ ನಕ್ಕಿದ್ದೆ. ಈಗ ಚಿವುಟುವವರು ಯಾರೂ ಪಕ್ಕದಲ್ಲಿರಲಿಲ್ಲ. ಇಡೀ ಹಾಲ್ ಹಿಂದಕ್ಕೆ ತಿರುಗಿ ನನ್ನನ್ನು ನೋಡಿತು, ಆ ದುಪಟ್ಟದವಳೊಬ್ಬಳು ಬಿಟ್ಟು. ನಾಲ್ಕು ಸಾಲು ಕೊಡುವಷ್ಟರಲ್ಲಿ ನನ್ನ ದನಿ ಬಿದ್ದುಹೋಯಿತು. ಒಬ್ಬಳೇ ಕೊಡುವ ಸೊಲ್ಲಲ್ಲ ಅದು.

ಹಾಡು ಮುಗಿಯುವ ಹೊತ್ತಿಗೆ ಚಾಮರಾಜನಗರದ ಕೊನೇ ಬಸ್ಸು ಹೊರಡುತ್ತದೆ ಎಂದು ಯಾರೋ ಕೂಗಿದರು. ಬಾಗಿಲಲ್ಲಿ ನೂಕುನುಗ್ಗಲು. ಕಾಲಿಗೆ ಸಿಕ್ಕಿದ್ದನ್ನು ಮೆಟ್ಟಿಕೊಂಡು ಓಡಿದೆವು. ತೆರಕಣಾಂಬಿ ದಾಟುವವರೆಗೂ ಬಸವಮ್ಮತ್ತೆ ಡ್ರಮ್ಮಿನ ಹಿಂದೆ ಅಡಗಿದವನನ್ನು ನೆನೆದು ನಗುತ್ತಲೇ ಇದ್ದಳು. ನನಗೆ ನಗು ಬರಲಿಲ್ಲ. ಆ ಬ್ಯಾಂಡಿನ ಸಹವಾಸ ನನಗೆ ಸಾಕಾಯಿತು, ನೀನೂ ಬಿಡು.

ಮಾದಪ್ಪ ನಿನ್ನನ್ನೂ ನಿನ್ನ ಮಗುವನ್ನೂ ತಣ್ಣಗಿಟ್ಟಿರಲಿ. ಅತ್ತೆಯವರ ಮಂಡಿಗೆ ಬಲ ಕೊಡಲಿ.

ನಿನ್ನ
ಸ್ವರ್ಣಲತಾ

ಮರೆತಿದ್ದೆ: ಮನೆಗೆ ಬಂದು ನೋಡಿದರೆ ನನ್ನ ಎಡಗಾಲಿನ ಚಪ್ಪಲಿ ನನ್ನದಲ್ಲ. ಹೆಬ್ಬೆರಳಿನ ಪಟ್ಟಿಗೆ ಕೆಂಪು ದಾರದ ಹೊಲಿಗೆ ಇದೆ. ತೆರಕಣಾಂಬಿ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಚಪ್ಪಲಿ ಕಿತ್ತುಹೋಗಿ, ಕರಿ ದಾರವಿಲ್ಲವೆಂದು ಕೆಂಪು ದಾರದಲ್ಲೇ ಹೊಲಿಸಿದಾಗ, ನೀನು ಒಂಟಿ ಕಾಲಿನಲ್ಲಿ ನನ್ನ ಭುಜ ಹಿಡಿದು ನಿಂತಿದ್ದೆ. ಹೊಲಿಗೆಯಿಲ್ಲದ ನನ್ನದು ನಿನ್ನ ಮನೆಬಾಗಿಲಲ್ಲಿದೆ. ಅದನ್ನು ನೋಡಿಕೊಂಡೇ ಮಾರನೇ ದಿನ ಫೋನ್ ಮಾಡಿ, ಎಲ್ಲಾನೂವೆ ಬರೆದು ಕಳಿಸು ಅಂದೆ. ಕುಮಾರಿ ಮೇಡಮ್ಮು ಪಾಸ್ ಕೊಟ್ಟರು, ಅವರ ಜೊತೆ ಕೂರಬೇಕು ಎಂದಿದ್ದರೆ ನಾನು ಹಿಂದೆಯೇ ಕೂರುತ್ತಿದ್ದೆ ಕಣೆ. ಬ್ಯಾಂಡು ಕೆಟ್ಟಿತೆಂದು ನಾನು ಇಷ್ಟುದ್ದ ಬರೆಯಲಿಲ್ಲ. ಎಲ್ಲರೂ ತಿರುಗಿ ನೋಡಿದರು, ನನ್ನ ದನಿ ಗೊತ್ತಿದ್ದ ನೀನೊಬ್ಬಳು ತಿರುಗಲಿಲ್ಲ. ನಿನ್ನ ಚಪ್ಪಲಿಯನ್ನು ನಾಳೆ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತೇನೆ. ನನ್ನದನ್ನೂ ಅವನ ಕೈಯಲ್ಲೇ ಕಳಿಸು. ನೀನು ತರುವುದು ಬೇಡ.