ನಾಲ್ಕನೇ ಬಾಟಲಿ

ಲ್ಯಾಬ್ ಮೇಷ್ಟರಿಗೆ ನಮಸ್ಕಾರ.

ಸರ್, ಯೀಸ್ಟ್ ಪ್ರಯೋಗದ ನನ್ನ ರೀಡಿಂಗ್‌ಗಳನ್ನು ಸೀನಿಯರ್ ಅಕ್ಕ ತಮ್ಮವೆಂದು ನಿಮಗೆ ತೋರಿಸಿದ ದಿನ, ಅವು ನನ್ನವು ಎಂದೆ. "ಪಾಪು, ಸುಳ್ಳು ಹೇಳ್ಬೇಡ ಕಣೇ" ಅಂದರು ಅಕ್ಕ. ನೀವೂ ನಂಬಿದಿರಿ, ನನ್ನ ಲ್ಯಾಬ್ ಕೀ ಕಿತ್ತುಕೊಂಡಿರಿ. ಬರೆದದ್ದರಲ್ಲಿ ತಪ್ಪಿದ್ದರೆ ಸಾರಿ.

ಒಂದೇ ರಿಕ್ವೆಸ್ಟ್. ನಾಳೆ ಹೊರಗಿನ ಪರೀಕ್ಷಕರಿಗೆ ಅಕ್ಕ ನಾಲ್ಕನೇ ಬಾಟಲಿಯ ಗ್ರಾಫ್ ತೋರಿಸುತ್ತಾರೆ. ಅದರಲ್ಲಿ ಆಕ್ಸಿಜನ್ ಸೆನ್ಸರ್‌ನ ಗೆರೆ ತಳ ಮುಟ್ಟಿದೆ. "ನನ್ ಯೀಸ್ಟ್ ಎಷ್ಟು ಚುರುಕು ನೋಡ್ರೇ, ಉಸಿರಾಡಿ ಆಕ್ಸಿಜನ್ನೆಲ್ಲ ಖಾಲಿ ಮಾಡಿದೆ" ಅಂತ ಹಾಸ್ಟೆಲ್ ತುಂಬಾ ಹೇಳಿಕೊಂಡು ತಿರುಗುತ್ತಿದ್ದಾರೆ. ಆ ಬಾಟಲಿಯನ್ನು ಹೋಲಿಕೆಗೆಂದು ನಾನೇ ಕುದಿಸಿ, ಬಿಸಿಯಿರುವಾಗಲೇ ಮುಚ್ಚಿದ್ದೆ. ಆಕ್ಸಿಜನ್ ಕುದಿಯುವಾಗಲೇ ಹೊರಟುಹೋಗಿತ್ತು. ಯೀಸ್ಟ್ ಸತ್ತಿತ್ತು.

ದಯವಿಟ್ಟು ಅಕ್ಕನಿಗೆ ಮೊದಲೇ ಹೇಳಬೇಡಿ. ಪೂರ್ತಿ ಮಾತಾಡಲಿ, ಚಪ್ಪಾಳೆಯೂ ಬೀಳಲಿ. ಆಮೇಲೆ, "ಎಲ್ಲಿ, ಅದಕ್ಕೆ ಸ್ವಲ್ಪ ಸಕ್ಕರೆ ಹಾಕಿ ನೊರೆ ಬರಿಸಮ್ಮ" ಅನ್ನಿ. ಬಾಟಲಿ ಲ್ಯಾಬ್ ಕಪಾಟಿನಲ್ಲೇ ಇದೆ, ಸೀಲ್ ಯಾರೂ ಬಿಚ್ಚಿಲ್ಲ. ಬದುಕಿರುವ ಯೀಸ್ಟ್ ಆದರೆ ಸಕ್ಕರೆ ತಿಂದು ನೊರೆ ಉಕ್ಕಿಸುತ್ತದೆ, ಸತ್ತದ್ದು ಉಕ್ಕಿಸುವುದಿಲ್ಲ.

ನೊರೆ ಬಂದರೆ ನಾನು ಕೋರ್ಸ್ ಬಿಟ್ಟು ಹೋಗುತ್ತೇನೆ. ಬರದಿದ್ದರೆ ನನ್ನ ಕೀಯನ್ನು ಅಕ್ಕನ ಕೈಯಿಂದಲೇ, ಎಲ್ಲರೆದುರು ಕೊಡಿಸಿ.

ಸಕ್ಕರೆ ನಾನೇ ತರುತ್ತೇನೆ.

ಇಂತಿ,
ನೀವು ಹೊರಗೆ ಕಳಿಸಿದ ಫಸ್ಟ್ ಇಯರ್ ಹುಡುಗಿ