ತಲೆಯ ಬಸಿಗಾಲುವೆಗೆ ಎದೆಯ ಸರ್ಟಿಫಿಕೇಟು

ಆರೋಗ್ಯ ವಿಮಾ ಯೋಜನೆಯಲ್ಲಿ ಚಿಕಿತ್ಸೆಗೆ ಮುಂಗಡ ಒಪ್ಪಿಗೆ ಕೊಡುವ, ಹೆಚ್ಚಾಗಿ ಕೊಡದಿರುವ, ಅಧಿಕಾರಿಗಳಿಗೆ,

ಮಾನ್ಯರೇ, ನನ್ನ ಅಕ್ಕನ ಮಗಳು ಸಂಘಮಿತ್ರಾಳ ತಲೆಯೊಳಗಿನ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಲು ಒಪ್ಪಿಗೆ ಕೇಳಿದರೆ, ಅವಳ ಹೃದಯ ಗಟ್ಟಿಯಾಗಿದೆ ಎಂದು ತಾವು ಅರ್ಜಿ ತಿರಸ್ಕರಿಸಿದ್ದೀರಿ. ಗಟ್ಟಿಯಾಗಿದೆ ಎಂದು ನಮಗೂ ಗೊತ್ತಿತ್ತು. ಇಲ್ಲದಿದ್ದರೆ ತಮ್ಮ ಕಚೇರಿಗೆ ನಾಲ್ಕು ಸಲ ಬಂದು ಬದುಕಿರುತ್ತಿದ್ದಳೇ?

ಹುಡುಗಿಗೆ ಇಪ್ಪತ್ತೇಳು. ನಂಜನಗೂಡಿನಲ್ಲಿ ರವಿಕೆ ಹೊಲಿಯುತ್ತಾಳೆ. ಹೋದ ವರ್ಷ ತಲೆನೋವು ಶುರುವಾಯಿತು. ಬಗ್ಗಿ ಎದ್ದರೆ ಒಂದು ಗಳಿಗೆ ಕಣ್ಣು ಕತ್ತಲೆ. ಕಿವಿಯಲ್ಲಿ ನಾಡಿಯ ಜೊತೆಗೇ ಬುಸ್ ಬುಸ್ ಸದ್ದು. “ಮಾವ, ಕಿವೀಲಿ ನಿನ್ ಪಂಪ್‌ಸೆಟ್ ಓಡ್ತಾ ಅದೆ, ವಸಿ ಆಫ್ ಮಾಡ್ಬಾ” ಎಂದು ನಗುತ್ತಿದ್ದವಳು, ಸೂಜಿಗೆ ದಾರ ಪೋಣಿಸಲು ಪಕ್ಕದವರನ್ನು ಕರೆಯುವ ಹೊತ್ತಿಗೆ ನಗುವುದನ್ನು ಬಿಟ್ಟಳು. ಮೈಸೂರಿನ ಡಾಕ್ಟರು ಬೆನ್ನಿನಿಂದ ನೀರು ತೆಗೆದು ಅಳೆದು, ತಲೆಯೊಳಗೆ ಒತ್ತಡ ಏರಿದೆ, ಕಣ್ಣಿನ ನರ ಊದಿದೆ ಎಂದರು. ಮಾತ್ರೆ ನುಂಗಿದ್ದಾಯಿತು, ಡಾಕ್ಟರು ಹೇಳಿದರೆಂದು ಹನ್ನೊಂದು ಕೆ.ಜಿ. ತೂಕ ಇಳಿಸಿದ್ದಾಯಿತು. ಊತ ಮಾತ್ರ ಇಳಿಯಲಿಲ್ಲ. ಸ್ಕ್ಯಾನ್ ಮಾಡಿಸಿದರೆ, ಮಿದುಳಿನಿಂದ ರಕ್ತ ವಾಪಸು ಹರಿಯುವ ದೊಡ್ಡ ಸಿರೆ ಒಂದು ಕಡೆ ಹಿಂಡಿದಂತಾಗಿದೆ. ಅಲ್ಲಿ ಬಲೆಯಂಥ ಕೊಳವೆ ಇಟ್ಟು ಅಗಲಿಸಬೇಕು. “ಎಲ್ಲರಿಗೂ ಇದು ಬೇಕಾಗಲ್ಲ, ಇವಳಿಗೆ ಬೇಕು. ತಡ ಮಾಡಿದ್ರೆ ಹೋದ ದೃಷ್ಟಿ ವಾಪಸ್ ಬರಲ್ಲ” ಎಂದರು.

ಅವರು ಕಾಗದದ ಮೇಲೆ ಚಿತ್ರ ಬರೆದು ಮುಗಿಸುವ ಮುಂಚೆಯೇ ನಾನು, “ಬಸಿಗಾಲ್ವೆ ಕಟ್ಕೊಂಡದೆ ಅನ್ನಿ ಸಾ” ಎಂದೆ. ಡಾಕ್ಟರು ಪೆನ್ನು ಕೆಳಗಿಟ್ಟರು.

“ಸುಮ್ಕಿರು ಮಾವ, ಆಪ್ರೇಸನ್ನೂ ನಿನ್ ಕೈಗೇ ಕೊಟ್ಬುಟ್ಟಾರು” ಎಂದಳು ಹುಡುಗಿ.

ಏಳನೇ ಕ್ಲಾಸು ಓದಿದ ನನಗೆ ಅರ್ಥವಾದದ್ದು ತಮಗೇಕೆ ಆಗಲಿಲ್ಲ? ಮೂವತ್ತೊಂದು ವರ್ಷ ತಿ. ನರಸೀಪುರದ ಕಡೆಯ ನಾಲೆಯಲ್ಲಿ ನೀರುಗಂಟಿಯಾಗಿ ಗದ್ದೆಗಳಿಗೆ ಸರದಿಯಂತೆ ನೀರು ಬಿಟ್ಟವನು ನಾನು. ನನ್ನ ಕೆಮ್ಮು ಕೇಳಿದರೆ ನೀರು ನೆಟ್ಟಗೆ ಹರಿಯುತ್ತಿತ್ತು. ಒಂದು ವರ್ಷ, ಗದ್ದೆಯಲ್ಲಿ ಹೆಚ್ಚಾದ ನೀರು ಹೊರಗೆ ಹೋಗುವ ಬಸಿಗಾಲುವೆಯಲ್ಲಿ ಹೂಳು ತುಂಬಿ, ನಾಟಿ ಮಾಡಿದ ಗದ್ದೆ ಮುಳುಗಿತು. ಬಂದ ಇಂಜಿನಿಯರು ನೀರು ಒಳಗೆ ಬರುವ ತೂಬನ್ನು ನೋಡಿ, ‘ತೂಬು ಸುಸ್ಥಿತಿಯಲ್ಲಿದೆ, ಕ್ರಮದ ಅಗತ್ಯವಿಲ್ಲ’ ಎಂದು ಬರೆದು ಜೀಪು ಹತ್ತಿದರು. ಅವರು ತಮ್ಮ ಗುರುಗಳಿರಬೇಕು.

ತಮ್ಮ ಕೌಂಟರಿನ ಕಾಂತರಾಜು ಪಾಪ ಒಳ್ಳೆಯವನು. “ಕಂಪ್ಯೂಟ್ರಲ್ಲಿ ಸ್ಟೆಂಟ್ ಅಂತ ಒತ್ತಿದ್ರೆ ಹಾರ್ಟ್ ಒಂದೇ ಬತ್ತದೆ ಯಜಮಾನ್ರೇ. ಎದೇದೊಂದು ಇಸಿಜಿ ತಂದ್ಬುಡಿ” ಎಂದ.

“ಕಣ್ ಓಯ್ತಾ ಅದೆ ಅಂದ್ರೆ ಎದೇದು ತತ್ತಾ ಅಂತೀಯಲ್ಲಪ್ಪ!”

“ನಾನೇನ್ ಮಾಡ್ಲಿ? ಅದು ಕೇಳ್ತದೆ.”

ತಂದೆವು. ಆ ಇಸಿಜಿಯನ್ನು ನೋಡಿಯೇ ತಾವು ತಿರಸ್ಕರಿಸಿದಿರಿ. ಕಾಲು ಮುರಿದವನಿಗೆ ಹಲ್ಲು ಎಣಿಸಿ, ಮೂವತ್ತೆರಡೂ ಇವೆ, ನಡೆದುಕೊಂಡು ಹೋಗು ಎನ್ನುವ ವೈದ್ಯಶಾಸ್ತ್ರವನ್ನು ತಾವು ಎಲ್ಲಿ ಕಲಿತಿರಿ?

ಗದ್ದೆ ಮುಳುಗಿದ ಆವತ್ತು ಆದೇಶಕ್ಕೆ ಕಾಯದೆ ನಾನೇ ಗುದ್ದಲಿ ಹಿಡಿದು ಬಸಿಗಾಲುವೆಯ ಹೂಳೆತ್ತಿದೆ. ಪೈರು ಉಳಿಯಿತು, ನನಗೆ ಮೆಮೊ ಬಂತು. ಆ ಗುದ್ದಲಿ ಈಗಲೂ ಮನೆಯಲ್ಲಿದೆ. ಆದರೆ ಹುಡುಗಿಯ ತಲೆ ಗದ್ದೆಯ ಬದುವಲ್ಲ. ಜೀವನದಲ್ಲಿ ಮೊದಲ ಸಲ ನನ್ನ ಕೈಲಿ ಆಗದ್ದೊಂದು ಕೆಲಸ ಇದೆ ಎಂದು ಒಪ್ಪಿಕೊಳ್ಳುತ್ತಿದ್ದೇನೆ. ಅದೂ ಊರಿಗೆಲ್ಲ ಕೇಳುವಂತೆ, ಈ ಬಹಿರಂಗ ಪತ್ರದಲ್ಲಿ.

ಆದ್ದರಿಂದ, ಅರ್ಜಿಯನ್ನು ಮಿದುಳು ಬಲ್ಲ ಡಾಕ್ಟರೊಬ್ಬರ ಕೈಗೆ ಕೊಟ್ಟು ಓದಿಸಿ, ಈ ವಾರದೊಳಗೆ ಒಪ್ಪಿಗೆ ಕೊಡಿ. ಆದೇಶವನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ. ಅದನ್ನು ಅವಳೇ ಓದಬೇಕು. ತಡ ಮಾಡಿದರೆ ಎಷ್ಟು ದಪ್ಪ ಬರೆಸಿದರೂ ನಾನೇ ಓದಿ ಹೇಳಬೇಕಾಗುತ್ತದೆ.

ಇಂತಿ,
ತೂಬು ಯಾವುದು, ಬಸಿಗಾಲುವೆ ಯಾವುದು ಎಂಬಷ್ಟು ಮಾತ್ರ ಓದಿಕೊಂಡಿರುವ
ಚನ್ನಯ್ಯ
ನಿವೃತ್ತ ನೀರುಗಂಟಿ, ಹೆಮ್ಮರಗಾಲ